ಮರೆಗಾಳಿಯ ದಿನದ ಸೊನ್ನೆ

ನಮ್ಮೂರಿನಲ್ಲಿ ಬೂರುಗದ ಕಾಯಿ ಒಡೆದು ಹತ್ತಿ ಹಾರಲು ಶುರುವಾಯಿತೆಂದರೆ ಜನ ಅಟ್ಟದ ಮೇಲಿನ ಹಗ್ಗ ಇಳಿಸುತ್ತಾರೆ. ಮರೆಗಾಳಿ ಬರುವ ಹೊತ್ತಾಯಿತೆಂದು ಅರ್ಥ. ಮನೆಯಿಂದ ಬಾವಿಗೆ, ಬಾವಿಯಿಂದ ಅಂಗಡಿ ಬೀದಿಗೆ, ಅಲ್ಲಿಂದ ಶಾಲೆಗೆ ಸೊಂಟದೆತ್ತರಕ್ಕೆ ಹಗ್ಗ ಎಳೆದು ಕಟ್ಟುತ್ತಾರೆ. ಪ್ರತಿ ಮನೆಯ ಬಾಗಿಲಿಗೂ ಒಂದು ಚಿತ್ರ, ಆ ಮನೆಯವರ ಕೊರಳಲ್ಲಿ ಅದೇ ಚಿತ್ರ ಕೊರೆದ ಮರದ ಬಿಲ್ಲೆ. ನಮ್ಮ ಮನೆಯದು ಸೌಟು. ಪಕ್ಕದವರದು ಬೆಕ್ಕು. ಎದುರುಮನೆಯವರು ಹುಲಿ ಬರೆಸಿದ್ದರು. ಬರೆದವನ ಕೈಚಳಕದಿಂದ ಅದೂ ಬೆಕ್ಕಿನ ಹಾಗೇ ಕಾಣುತ್ತಿದ್ದುದರಿಂದ ಗಾಳಿ ಬಂದಾಗಲೆಲ್ಲ ಆ ಎರಡು ಮನೆಯವರೂ ಅದಲುಬದಲಾಗಿ ಉಂಡು ಮಲಗುತ್ತಿದ್ದರು.

ಗಾಳಿ ಬೀಸುವಷ್ಟು ದಿನ ಯಾರಿಗೂ ಯಾರ ಹೆಸರೂ ನೆನಪಿರುವುದಿಲ್ಲ. ಓದು ಬರಹ ಮರೆತುಹೋಗುತ್ತದೆ, ಮಗ್ಗಿ ಮರೆತುಹೋಗುತ್ತದೆ, ಜಗಳವೂ ಮರೆತುಹೋಗುತ್ತದೆ. ಮಾತು ಇರುತ್ತದೆ, ಕೈ ಕಲಿತ ಕೆಲಸ ಇರುತ್ತದೆ. ಕುಂಬಾರ ಮಡಕೆ ಮಾಡುತ್ತಾನೆ, ಯಾರಿಗೆ ಮಾರಬೇಕೆಂದು ಗೊತ್ತಿರುವುದಿಲ್ಲ ಅಷ್ಟೆ. ಗೋಡೆಯ ವ್ಯಾಜ್ಯಕ್ಕೆ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆದ ಅಣ್ಣತಮ್ಮಂದಿರಿಬ್ಬರು ಗಾಳಿಯ ದಿನಗಳಲ್ಲಿ ಅದೇ ಗೋಡೆಗೆ ಒರಗಿ ಚೌಕಾಬಾರ ಆಡುತ್ತಾರೆ. ಗಾಳಿ ನಿಂತ ಕೂಡಲೇ ಎಲ್ಲರಿಗೂ ಎಲ್ಲವೂ ವಾಪಸ್ಸು ನೆನಪಾಗುತ್ತದೆ, ಗಾಳಿಯಲ್ಲಿ ತಾವು ಮಾಡಿದ್ದೂ ಸೇರಿ. ಆಗ ಅವರು ಪಂಚೆ ಕೊಡವಿಕೊಂಡು ಎದ್ದು, ಮುಖ ಗಂಟು ಹಾಕಿಕೊಂಡು ತಮ್ಮ ತಮ್ಮ ಬಾಗಿಲಿಗೆ ಹೋಗುತ್ತಾರೆ. ನಾವು ಇದಕ್ಕೆ ಹೊಂದಿಕೊಂಡಿದ್ದೇವೆ. ಇದರಿಂದ ನಮಗೆ ತೊಂದರೆ ಏನೂ ಇರಲಿಲ್ಲ, ಆ ಪರೀಕ್ಷೆ ಒಂದನ್ನು ಬಿಟ್ಟು.

ಸಮುದ್ರದಾಚೆ ಒಂದು ವಿಶ್ವವಿದ್ಯಾಲಯವಿದೆ. ಗಾಳಿಯ ಬಗ್ಗೆ, ಅದು ಎಲ್ಲಿ ಹುಟ್ಟುತ್ತದೆ, ಯಾಕೆ ತಿರುಗುತ್ತದೆ ಎಂದು ಕಲಿಸುವ ವಿಭಾಗ ಇರುವುದು ಅಲ್ಲೊಂದೇ ಕಡೆ. ನನಗೆ ಬುದ್ಧಿ ಬಂದಾಗಿನಿಂದ ಅಲ್ಲಿ ಓದಬೇಕೆಂಬ ಹಟ. ವರ್ಷಕ್ಕೊಮ್ಮೆ ನನ್ನ ಹೆತ್ತ ತಾಯಿಗೆ ನನ್ನ ಹೆಸರನ್ನು ಮರೆಸುವ ಗಾಳಿಯ ಜಾತಕ ನನಗಲ್ಲದೆ ಇನ್ಯಾರಿಗೆ ಬೇಕು? ಅಲ್ಲಿಗೆ ಸೇರಲು ಎರಡು ಬೇಕು: ಶಾಲೆಯಲ್ಲಿ ವರ್ಷವರ್ಷ ತೆಗೆದ ಅಂಕ, ಮತ್ತು ಅವರೇ ನಡೆಸುವ ಸಮಾನ ಪರೀಕ್ಷೆ. ಆ ಪರೀಕ್ಷೆ ಜಗತ್ತಿಗೆಲ್ಲ ಒಂದೇ ದಿನ, ಒಂದೇ ಹೊತ್ತಿಗೆ. ಆ ದಿನ ಪ್ರತಿ ವರ್ಷವೂ ನಮ್ಮ ಮರೆಗಾಳಿಯೊಳಗೇ ಬಂದು ಬೀಳುತ್ತಿತ್ತು.

ಹಾಗಾಗಿ ನಮ್ಮ ಶಾಲೆಯಿಂದ ಬರೆದವರಿಗೆಲ್ಲ ಸೊನ್ನೆ. ಮೊಹರು ಹಾಕಿದ ಚೀಲದಲ್ಲಿ ಪ್ರಶ್ನೆಪತ್ರಿಕೆ ಬರುತ್ತಿತ್ತು, ಮೊಹರು ಹಾಕಿದ ಚೀಲದಲ್ಲಿ ಉತ್ತರ ಹೋಗುತ್ತಿತ್ತು. ಸರಿಯೆನಿಸಿದ ಉತ್ತರದ ಗುಂಡನ್ನು ಪೆನ್ಸಿಲ್ಲಿನಿಂದ ತುಂಬಬೇಕು, ಅದನ್ನು ಅಲ್ಲಿ ಒಂದು ಯಂತ್ರ ತಿದ್ದುತ್ತಿತ್ತು. ದಿನಸಿ ಅಂಗಡಿಯವರ ಮಗ ಒಂದು ವರ್ಷ ಉತ್ತರಪತ್ರಿಕೆಯನ್ನು ಚೆಂದದ ಪೊಟ್ಟಣ ಕಟ್ಟಿ ಕಳಿಸಿದ್ದ. ದಿನ ಬದಲಿಸಿ ಎಂದು ನಮ್ಮ ಹೆಡ್ಮೇಡಂ ರುದ್ರಾಣಿಯವರು ಬರೆದರೆ, ದಿನ ಬದಲಾದರೆ ಸಮಾನತೆ ಕೆಡುತ್ತದೆ ಎಂಬ ಉತ್ತರ. ಅದರ ಕೆಳಗೇ ಇನ್ನೊಂದು ಸಾಲು: ಶಾಲೆಯ ಅಂಕಕ್ಕೂ ಪರೀಕ್ಷೆಯ ಅಂಕಕ್ಕೂ ಇಷ್ಟು ಅಂತರ ಬೇರೆಲ್ಲೂ ಕಂಡಿಲ್ಲ, ತಮ್ಮ ಶಾಲೆ ಅಂಕಗಳನ್ನು ಧಾರಾಳವಾಗಿ ಹಂಚುತ್ತಿರುವಂತೆ ತೋರುತ್ತದೆ.

ರುದ್ರಾಣಿ ಮೇಡಂ ಧಾರಾಳಿಯಂತೆ! ಆ ಮಹಾತಾಯಿ ಅರ್ಧ ಅಂಕ ಕೊಡಬೇಕಾದರೆ ಮೂರು ಸಲ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಸ್ವಂತ ಮಗಳು ಶಾಂಭವಿಗೂ ಬಿಟ್ಟವರಲ್ಲ. ಉತ್ತರ ಸರಿಯಿದ್ದರೂ ದಾರಿ ಬಳಸಾಯಿತೆಂದು ಕಳೆದವರು. ಅಂಥಾ ಕೈಯಲ್ಲೂ ಶಾಲೆಗೇ ಮೊದಲು ಬಂದ ಶಾಂಭವಿಗೆ ಆ ಪರೀಕ್ಷೆಯಲ್ಲಿ ಬಂದದ್ದು ಸೊನ್ನೆ. ಅವಳ ಓದು ಅಲ್ಲಿಗೇ ನಿಂತಿತು. ಈಗ ನಮ್ಮ ಶಾಲೆಯಲ್ಲೇ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಆ ಕಾಗದದ ಮಾತನ್ನು ಯಾರಾದರೂ ಎತ್ತಿದರೆ ತಾಯಿ ಮಗಳು ಇಬ್ಬರೂ ಎದ್ದು ಬೇರೆ ಬೇರೆ ಕೋಣೆಗೆ ಹೋಗುತ್ತಿದ್ದರು.

ನಮ್ಮೂರಿಂದ ಆಚೆ ಹೋದವನು ಎಣ್ಣೆ ಮಿಲ್ಲಿನವರ ಮಗ ತೇಜು ಒಬ್ಬನೇ. ಅವನಪ್ಪ ಕೊನೆಯ ವರ್ಷ ಅವನ ಹೆಸರನ್ನು ಬಂದರಿನ ಶಾಲೆಗೆ ಹಾಕಿಸಿದರು. ಪರೀಕ್ಷೆಯ ಕೇಂದ್ರ ಶಾಲೆ ಇರುವ ಊರಲ್ಲೇ ಎಂಬುದು ನಿಯಮ. ನಾನು ಇಲ್ಲಿ ಬರೆದ ವರ್ಷವೇ ಗಾಳಿಯಿಲ್ಲದ ಆ ಊರಲ್ಲಿ ಕೂತು ತೇಜು ಬರೆದ, ಸೇರಿದ. ಅವನು ನನ್ನ ಪಕ್ಕದ ಬೆಂಚಿನಲ್ಲಿ ಇಷ್ಟು ವರ್ಷ ಕೂತವನು. ಅವನಿಗೆ ಎಷ್ಟು ಬರುತ್ತಿತ್ತೆಂದು ನನಗೆ ಗೊತ್ತು, ಯಾಕೆಂದರೆ ಅದರಲ್ಲಿ ಮುಕ್ಕಾಲು ಪಾಲು ನನ್ನ ಪುಸ್ತಕದಿಂದ ಹೋದದ್ದು.

ನಾನು ಬರೆಯಬೇಕಾದ ವರ್ಷ ವಿಶ್ವವಿದ್ಯಾಲಯ ಒಬ್ಬ ಅಧಿಕಾರಿಯನ್ನು ಕಳಿಸಿತು, ನಮ್ಮ ಶಾಲೆಯ ಧಾರಾಳತನವನ್ನು ಕಣ್ಣಾರೆ ನೋಡಿ ಬರಲಿಕ್ಕೆ. ಅವರ ಹೆಸರು ಅನಂತಶಯನ. ಅವರ ತಾತ ನಮ್ಮ ಸೀಮೆಯವರೇ ಆಗಿದ್ದರಿಂದ ನಮ್ಮ ಮಾತು ಬರುತ್ತಿತ್ತು, ಆದರೆ ಇಸ್ತ್ರಿ ಹಾಕಿಟ್ಟ ಹಾಗೆ ಬರುತ್ತಿತ್ತು. ಅಲ್ಲಿಗೆ ಬರುವ ಅರ್ಜಿಗಳಲ್ಲಿ ಯಾವುದು ಒಳಗೆ, ಯಾವುದು ಹೊರಗೆ ಎಂದು ಸೋಸುವುದು ಅವರ ಕೆಲಸವಂತೆ. ಮೇಡಂ ನನ್ನನ್ನು ಕರೆಸಿ ಅವರ ಮುಂದೆ ನಿಲ್ಲಿಸಿದರು.

"ಈ ಹುಡುಗಿ ಚೌಡೇಶ್ವರಿ. ಏನು ಬೇಕಾದ್ರೂ ಕೇಳಿ ಸಾರ್. ಇವತ್ತೇ ಕೇಳಿ. ನಾಳೆ ಅನ್ನೋ ಹೊತ್ತಿಗೆ ಗಾಳಿ ಬಂದ್ಬಿಡುತ್ತೆ" ಎಂದರು ಮೇಡಂ.

"ನಾನು ಕೇಳುವಂತಿಲ್ಲ" ಎಂದರು ಅವರು. "ಕೇಳಬೇಕಾದದ್ದನ್ನು ಪ್ರಶ್ನೆಪತ್ರಿಕೆಯೇ ಕೇಳುತ್ತದೆ. ಇನ್ನು ಆ ಗಾಳಿ... ಪ್ರತಿ ಊರಿಗೂ ಒಂದು ನೆಪವಿರುತ್ತದೆ, ಮೇಡಂ."

"ಸಾರ್, ನಮ್ಮ ಮೇಡಂ ನನ್ನನ್ನ ಹತ್ತು ವರ್ಷದಿಂದ ನೋಡ್ತಿದ್ದಾರೆ" ಎಂದೆ. "ನೀವು ಒಂದು ಬೆಳಗ್ಗೆ ನೋಡ್ತೀರಾ. ಅದೂ ನಾನು ನಾನಾಗಿಲ್ದೇ ಇರೋ ಬೆಳಗ್ಗೆ. ಯಾವುದು ಹೆಚ್ಚು?"

ಅವರು ಸಿಟ್ಟಾಗುತ್ತಾರೆಂದುಕೊಂಡಿದ್ದೆ, ಆಗಲಿಲ್ಲ. ಕುರ್ಚಿ ಎಳೆದು ಕೂತರು. "ನೋಡಮ್ಮ, ಪ್ರತಿ ಶಾಲೆಯೂ ತನ್ನ ಹುಡುಗಿಯೇ ಜಾಣೆ ಎನ್ನುತ್ತದೆ. ಕೆಲವು ಶಾಲೆಗಳ ಹೆಸರು ಕೇಳಿದರೆ ಸಾಕು, ನಮ್ಮವರು ನಂಬುತ್ತಾರೆ. ನಿನ್ನ ಶಾಲೆಯ ಹೆಸರನ್ನು ಅಲ್ಲಿ ಯಾರೂ ಕೇಳಿಲ್ಲ. ನಿನ್ನ ಮೇಡಂ ಕಟ್ಟುನಿಟ್ಟೋ ಧಾರಾಳವೋ ನಮಗೆ ಹೇಗೆ ತಿಳಿಯಬೇಕು? ಹೆಸರಿಲ್ಲದ ಶಾಲೆಯ ಹುಡುಗಿಗೂ ದೊಡ್ಡ ಶಾಲೆಯ ಹುಡುಗನಿಗೂ ಒಂದೇ ಪ್ರಶ್ನೆ ಕೇಳೋಣ ಎಂದು ಈ ಪರೀಕ್ಷೆ ಮಾಡಿದ್ದು. ಇದು ನಿನ್ನಂಥವರಿಗಾಗಿಯೇ ಇರುವುದು."

ಮಾತು ನಿಜವಿತ್ತು. ನಿಜವಿದ್ದದ್ದರಿಂದಲೇ ನನಗೆ ಮೈಯೆಲ್ಲ ಉರಿಯಿತು. ನನಗಾಗಿ ಮಾಡಿದ ಬಾಗಿಲಂತೆ, ನಾನು ನನ್ನ ಹೆಸರನ್ನೇ ಮರೆತಿರುವ ದಿನ ಮಾತ್ರ ತೆಗೆಯುತ್ತಾರಂತೆ!

"ಮುಂದಿನ ವರ್ಷ ಬಂದರಿನ ಶಾಲೆಗೆ ಸೇರಿಬಿಡು" ಎಂದರು ಅವರು ಎದ್ದು ಹೋಗುವಾಗ. "ಅಲ್ಲಿಂದ ಬರೆ."

"ಕಲಿತದ್ದು ಇಲ್ಲಿ ಸಾರ್. ಅಲ್ಲೋಗಿ ಬರೆದ್ರೆ ಆ ಶಾಲೆಯೋರು ಕಲಿಸಿದ್ರು ಅಂತ ಆಗುತ್ತೆ. ನಾನು ಇಲ್ಲೇ ಬರೆಯೋದು."

ಮೇಡಂ ನನ್ನ ಕಡೆ ನೋಡಲಿಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಆ ಸಂಜೆ ನನ್ನ ಅವ್ವ ದೇವೀರವ್ವ ಹಗ್ಗದ ಗಂಟು ಬಿಗಿಮಾಡಲು ಹೋದವಳು ಪ್ರವಾಸಿ ಬಂಗಲೆಯ ಮುಂದೆ ಅಧಿಕಾರಿಯನ್ನು ಕಂಡು, ತನ್ನ ಸೆರಗಿನಲ್ಲಿದ್ದ ಒಂದು ಬಿಲ್ಲೆಯನ್ನು ಅವರಿಗೆ ಕೊಡಲು ಹೋದಳಂತೆ. ಅತಿಥಿಗಳಿಗೆಂದೇ ಊರವರು ಮಾಡಿಟ್ಟ ಬಿಲ್ಲೆ ಅದು, ಅದರ ಮೇಲೆ ಬಂಗಲೆಯ ಚಿತ್ರವಿರುತ್ತದೆ. ಅವರು ಕೈಮುಗಿದು ಬೇಡವೆಂದರಂತೆ. ಅವ್ವ ಮನೆಗೆ ಬಂದವಳೇ ಗೊಣಗಿದಳು: "ಕೊರಳಿಗೆ ಹಾಕ್ಕೊಂಡ್ರೆ ಕಿರೀಟ ಬಿದ್ದೋಯ್ತದಾ? ಎಲ್ಲೋಗಿ ಉಣ್ತಾನೋ ಪಾಪ."

ಗಾಳಿ ಬಂದದ್ದು ಸರಿಯಾಗಿ ಪರೀಕ್ಷೆಯ ಬೆಳಗ್ಗೆ. ನಾನು ಹಗ್ಗ ಹಿಡಿದು ಶಾಲೆಗೆ ಹೋದೆ. ಅರ್ಧದಾರಿಯಲ್ಲಿ ಹತ್ತಿಯ ಎಳೆಗಳು ಮುಖಕ್ಕೆ ತಾಗಿದವು, ಆಮೇಲೆ ಯಾಕೆ ಹೋಗುತ್ತಿದ್ದೇನೆಂದು ಗೊತ್ತಾಗಲಿಲ್ಲ. ಹಗ್ಗ ಮುಗಿಯುವಲ್ಲಿ ಒಂದು ದೊಡ್ಡ ಕೋಣೆ. ಒಂದು ಬೆಂಚಿನ ಮೇಲೆ ಸೌಟಿನ ಚಿತ್ರ ಅಂಟಿಸಿತ್ತು, ನನ್ನ ಕೊರಳಲ್ಲೂ ಸೌಟಿತ್ತು, ಹಾಗಾಗಿ ಕೂತೆ. ಮೇಡಂ ಹಿಂದಿನ ದಿನವೇ ಅಂಟಿಸಿದ್ದರೆಂದು ಆಮೇಲೆ ನೆನಪಾಯಿತು. ಪ್ರತಿ ಬೆಂಚಿನ ಮೇಲೂ ಆಯಾ ಮಕ್ಕಳ ಹೆಸರು ಅಚ್ಚಾದ ಉತ್ತರಪತ್ರಿಕೆಯನ್ನೂ ಕಲ್ಲು ಹೇರಿ ಇಟ್ಟಿದ್ದರು.

ಬಾಗಿಲಲ್ಲಿ ಒಬ್ಬ ಮನುಷ್ಯ ಚೀಲ ಹಿಡಿದು ನಿಂತಿದ್ದ. ಕೋಟು ಹಾಕಿದ್ದ. ಚೀಲವನ್ನು ನೋಡಿದ, ನಮ್ಮನ್ನು ನೋಡಿದ, ಎಲ್ಲರೂ ಕೂತಿರುವುದನ್ನು ಕಂಡು ತಾನೂ ಖಾಲಿ ಬೆಂಚೊಂದರಲ್ಲಿ ಮುದುರಿ ಕೂತ. ಕನ್ನಡಕ ಹಾಕಿದ ಒಬ್ಬ ಹೆಂಗಸು ಅವನ ಚೀಲ ತೆಗೆದುಕೊಂಡು, ಒಳಗಿದ್ದ ಕಾಗದಗಳನ್ನು ಕೂತವರಿಗೆಲ್ಲ ಹಂಚಿದಳು. ಹಂಚುವುದು ಅವಳ ಕೈಗೆ ಗೊತ್ತಿತ್ತು. ಅವನ ಮುಂದೆ ಉತ್ತರಪತ್ರಿಕೆ ಇಲ್ಲದ್ದನ್ನು ಕಂಡು ಚೀಲದಲ್ಲಿದ್ದ ಹೆಚ್ಚಿನ ಹಾಳೆಯೊಂದನ್ನು ಕೊಟ್ಟು, ಹೆದರಬೇಡಪ್ಪಾ ಎಂದು ತಲೆ ಸವರಿದಳು.

ನನ್ನ ಮುಂದಿನ ಹಾಳೆ ನೋಡಿ ನನಗೆ ಬಹಳ ಸಂತೋಷವಾಯಿತು. ಸಾಲುಸಾಲಾಗಿ ಪುಟ್ಟ ಪುಟ್ಟ ಗುಂಡುಗಳು, ಒಂದೇ ಅಳತೆ, ಒಂದೇ ಅಂತರ. ಯಾರೋ ಪುಣ್ಯಾತ್ಮರು ನನಗೋಸ್ಕರ ಚುಕ್ಕಿ ಇಟ್ಟುಕೊಟ್ಟಿದ್ದರು! ಪೆನ್ಸಿಲ್ ತೆಗೆದುಕೊಂಡು ಎಳೆ ಎಳೆದೆ. ಒಂದು ಚುಕ್ಕಿಯನ್ನು ಬಳಸಿ, ಮುಂದಿನದನ್ನು ಸುತ್ತಿ, ಮೂಲೆಯಲ್ಲಿ ಮಡಚಿ, ಎಳೆ ಎಲ್ಲೂ ತುಂಡಾಗದ ಹಾಗೆ ಹೊರಟಲ್ಲಿಗೇ ತಂದು ಸೇರಿಸಿದೆ. ಕೈ ಎಲ್ಲೂ ತಡೆಯಲಿಲ್ಲ. ಪಕ್ಕದ ಹುಡುಗಿಯರೂ ಅದನ್ನೇ ಮಾಡುತ್ತಿದ್ದರು. ಒಬ್ಬಳು ನನ್ನದನ್ನು ನೋಡಿ, ನಿಂದು ಚೆನ್ನಾಗೈತೆ ಕಣೇ ಎಂದಳು. ಹಿಂದಿನ ಸಾಲಿನ ಬಡಗಿಯ ಮಗ ಹಾಳೆಯನ್ನು ಮಡಿಸಿ ಬೆಂಚಿನ ಉದ್ದ ಅಳೆಯುತ್ತಿದ್ದ. ಕೋಟಿನ ಮನುಷ್ಯ ಮಾತ್ರ ತಲೆ ಎತ್ತದೆ, ಹಲ್ಲು ಕಚ್ಚಿ, ಒಂದೊಂದು ಗುಂಡಿನ ಮೇಲೂ ಏನೋ ಗೀಚುತ್ತ ಹೋಗುತ್ತಿದ್ದ. ಅವನ ಕಣ್ಣಿಂದ ನೀರು ಸುರಿಯುತ್ತಿತ್ತು. ನಮಗೆಲ್ಲ ಮರೆತು ಅಭ್ಯಾಸವಿತ್ತು, ಅವನಿಗಿರಲಿಲ್ಲ.

ಆಮೇಲೆ ಎಲ್ಲರೂ ಹಾಳೆ ಕೊಟ್ಟು ಹಗ್ಗ ಹಿಡಿದು ಹೊರಟರು. ಅವನ ಕೊರಳಲ್ಲಿ ಬಿಲ್ಲೆಯಿರಲಿಲ್ಲ. ಅಂಗಳದಲ್ಲಿ ತಾಯಿ ತಪ್ಪಿದ ಕರುವಿನ ಹಾಗೆ ನಿಂತಿದ್ದ. ನಾನು ಕೈ ಹಿಡಿದು ಕರೆದುಕೊಂಡು ಬಂದೆ. ಸೌಟಿನ ಬಾಗಿಲಲ್ಲಿ ಒಬ್ಬ ಹೆಂಗಸು ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದಳು.

"ಇವ್ರ್ಯಾರವ್ವಾ?" ಎಂದಳು.

"ಗೊತ್ತಿಲ್ಲ."

"ನೀನ್ಯಾರು?"

"ಗೊತ್ತಿಲ್ಲ."

"ಇರ್ಲಿ ಬುಡಿ. ರೊಟ್ಟಿ ಬಿಸಿ ಐತೆ, ಕೂತ್ಕಳಿ."

ಗಾಳಿ ಬೀಸುವಷ್ಟು ದಿನ ಅವರು ನಮ್ಮ ಮನೆಯಲ್ಲೇ ಉಂಡು, ನಮ್ಮ ಜಗುಲಿಯಲ್ಲೇ ಮಲಗಿದರು. ಅವ್ವ ಅವರಿಗೆ ಒಮ್ಮೆ ಬೈದಳು ಕೂಡ, ಬಾವಿಯ ನೀರು ಸೇದಲು ಬರುವುದಿಲ್ಲವೆಂದು.

ಗಾಳಿ ನಿಂತ ಬೆಳಗ್ಗೆ ಅನಂತಶಯನರು ಜಗುಲಿಯ ಮೇಲೆ ಎದ್ದು ಕೂತು ಸುಮ್ಮನೆ ತಮ್ಮ ಕೋಟಿನ ಗುಂಡಿಗಳನ್ನು ಮುಟ್ಟಿ ನೋಡಿಕೊಂಡರು. ಅವ್ವ "ಅಯ್ಯಯ್ಯೋ ಸ್ವಾಮಿ, ನಿಮಗಾ ನಾನು ಬೈದದ್ದು!" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು. ಅವರು ಎದ್ದು ಶಾಲೆಗೆ ಹೋದರು. ನಾನೂ ಹಿಂದೆಯೇ ಓಡಿದೆ.

ಮೇಡಂ ಮೇಜಿನ ಮೇಲೆ ಉತ್ತರಪತ್ರಿಕೆಗಳನ್ನು ಜೋಡಿಸಿ ಕೂತಿದ್ದರು. ಪರೀಕ್ಷೆಗೆ ಕಟ್ಟಿದವರಿಗಿಂತ ಒಂದು ಹಾಳೆ ಹೆಚ್ಚಿತ್ತು. ಅದಕ್ಕೆ ಹೆಸರಿರಲಿಲ್ಲ. ಅದರ ಮೇಲಿನ ಪ್ರತಿ ಗುಂಡಿಗೂ ಅಡ್ಡಗೆರೆ ಉದ್ದಗೆರೆ ಎಳೆದು, ಒಂದನ್ನೂ ಬಿಡದೆ ಹೊಡೆದುಹಾಕಿತ್ತು. ಅವರು ಅದನ್ನು ಎತ್ತಿಕೊಂಡು ಹರಿಯಲು ಹೋದರು.

"ಹರೀಬೇಡಿ" ಎಂದೆ. ನನ್ನ ದನಿ ನನಗೇ ಜೋರೆನಿಸಿತು. "ಹಾಲ್‌ನಲ್ಲಿ ಬರೆದ ಯಾವ ಹಾಳೆನೂ ಹರಿಯೋ ಹಾಗಿಲ್ಲ. ನಿಮ್ಮದೇ ನಿಯಮ, ಹಾಳೆ ಹಿಂದೇನೇ ಅಚ್ಚಾಕಿದೀರಿ. ನಾನು ಬರೆದ್ರೆ ಲೆಕ್ಕ, ನೀವು ಬರೆದ್ರೆ ಕಸವಾ? ಹೆಸರು ಬರೆದು ಕಳಿಸಿ ಸಾರ್. ನಿಮ್ಮ ಯಂತ್ರ ನಿಮಗೆಷ್ಟು ಕೊಡುತ್ತೋ ನೋಡೇಬಿಡಾಣ."

"ಚೌಡೇಶ್ವರಿ!" ಎಂದರು ಮೇಡಂ. ಗದರಿಸಿದ ಹಾಗಿರಲಿಲ್ಲ.

"ಇದು ಅಲ್ಲಿಗೆ ಹೋದರೆ ನನ್ನ ಕೆಲಸ ಉಳಿಯುವುದಿಲ್ಲ" ಎಂದರು ಅವರು.

"ನನ್ನದು ಶುರುವಾಗೋಕೆ ಮುಂಚೇನೇ ಹೋಗ್ತಾ ಐತಲ್ಲ ಸಾರ್. ಶಾಂಭವಕ್ಕಂದು ಹೋಯ್ತು. ನಾವೆಲ್ಲ ಸುಳ್ಳು ಅಂಕ ತಗೊಂಡೋರು ಅಂತ ಬರೆದ್ರಲ್ಲ, ಆವಾಗ ಯಾರ ಕೈಯಾದ್ರೂ ನಡುಗ್ತಾ?"

ಅವರು ಆ ಹಾಳೆಯನ್ನು ಹರಿಯದೆ ಮೇಜಿನ ಮೇಲೆ ಇಟ್ಟರು. ಪಕ್ಕದಲ್ಲಿ ನನ್ನ ಹಾಳೆಯಿತ್ತು, ಎಳೆ ತುಂಡಾಗದ ರಂಗೋಲಿ. ಅದರ ಮೇಲೆ ಬೆರಳಾಡಿಸಿ ಕೇಳಿದರು, "ಇದನ್ನು ಎಣಿಸದೆ ಬರೆದೆಯಾ?"

"ಎಣಿಸೋಕೆ ಬರ್ತಿರಲಿಲ್ಲ ಸಾರ್ ಅವತ್ತು."

"ಇಷ್ಟು ವರ್ಷಕ್ಕೆ ನನ್ನ ಕೈ ಕಲಿತದ್ದು ಹೊಡೆದುಹಾಕುವುದೊಂದೇ ಏನು?" ಎಂದರು. ಅದನ್ನು ನಮಗೆ ಕೇಳಿದ್ದಲ್ಲ. ಮೇಡಂ ಪೆನ್ನಿನ ಮುಚ್ಚಳ ತೆಗೆದು ಅವರ ಮುಂದೆ ಇಟ್ಟರು. ಅನಂತಶಯನರು ಕೂತು, ಆ ಹಾಳೆಯ ತಲೆಯ ಮೇಲೆ ನಿಧಾನವಾಗಿ ತಮ್ಮ ಹೆಸರು ಬರೆದರು. ಮನಸ್ಸಿನಲ್ಲಿ ನಾನು ಅವತ್ತೇ ಅವರಿಗೆ ಪೂರ್ತಿ ಅಂಕ ಕೊಟ್ಟೆ. ಚೀಲ ಕಟ್ಟುವ ಮೊದಲು ನಾನು ನಾಲ್ಕು ಸಾಲು ಬರೆದು ಸೇರಿಸಿದೆ: ನನಗೂ ನಿಮ್ಮ ಅಧಿಕಾರಿಗೂ ಒಂದೇ ಅಂಕ ಬರುತ್ತದೆ. ಅವರು ಯಾರನ್ನು ಸೇರಿಸಬೇಕೆಂದು ತೀರ್ಮಾನಿಸಲು ಯೋಗ್ಯರಾದರೆ ನಾನು ಸೇರಲು ಯೋಗ್ಯಳು. ನಾನು ಅಯೋಗ್ಯಳಾದರೆ ಅವರನ್ನೂ ಕುರ್ಚಿಯಿಂದ ಎಬ್ಬಿಸಿ. ಇವೆರಡರಲ್ಲಿ ಒಂದು ಮಾಡಿ.

ಯಂತ್ರಕ್ಕೆ ದಾಕ್ಷಿಣ್ಯವಿಲ್ಲ. ಇಬ್ಬರಿಗೂ ಸೊನ್ನೆ ಕೊಟ್ಟು, ಇಬ್ಬರಿಗೂ ಒಂದೇ ಒಕ್ಕಣೆಯ ಕಾಗದ ಕಳಿಸಿತು. ಪ್ರಿಯ ಅಭ್ಯರ್ಥಿ ಅನಂತಶಯನ ಅವರೇ, ತಾವು ನಮ್ಮ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಅರ್ಹರಲ್ಲವೆಂದು ತಿಳಿಸಲು ವಿಷಾದಿಸುತ್ತೇವೆ. ಅವರು ಇಪ್ಪತ್ತು ವರ್ಷದಿಂದ ಕೂರುತ್ತಿದ್ದ ಕೋಣೆಯ ಬಾಗಿಲ ಕೆಳಗೇ ಆ ಕಾಗದ ತೂರಿಸಿದ್ದರಂತೆ. ಅದನ್ನು ಅವರು ಮುಚ್ಚಿಡಲಿಲ್ಲ. ದೊಡ್ಡವರ ಸಭೆಗೆ ಒಯ್ದು ಮೇಜಿನ ಮೇಲಿಟ್ಟು, ನಡೆದದ್ದನ್ನೆಲ್ಲ ಹೇಳಿದರಂತೆ, ಅವ್ವ ಬೈದದ್ದೂ ಸೇರಿ. ಸಭೆ ಹೇಗೆ ನಡೆಯಿತೋ ನನಗೆ ತಿಳಿಯದು. ಅವರ ಕೆಲಸ ಉಳಿಯಿತು. ಮುಂದಿನ ವರ್ಷದಿಂದ ಸಮಾನ ಪರೀಕ್ಷೆಯ ದಿನ ಇಡೀ ಜಗತ್ತಿಗೆ ಒಂದು ತಿಂಗಳು ಮುಂದಕ್ಕೆ ಹೋಯಿತು. ಕಾರಣ ಹೇಳಲಿಲ್ಲ. ಎಷ್ಟೋ ಊರಿನ ಮಕ್ಕಳು ಯಾಕಪ್ಪಾ ಇದು ಎಂದು ಬೈದುಕೊಂಡಿರಬೇಕು.

ಆ ವರ್ಷ ನಾನು ಮತ್ತೆ ಬರೆದೆ. ನಮ್ಮೂರಿನಲ್ಲೇ, ಅದೇ ಸೌಟಿನ ಬೆಂಚಿನಲ್ಲಿ, ನನ್ನ ಹೆಸರು ನನಗೆ ಗೊತ್ತಿರುವ ದಿನ. ಫಲಿತಾಂಶ ಬಂದಾಗ ರುದ್ರಾಣಿ ಮೇಡಂ ಕನ್ನಡಕ ಒರೆಸಿಕೊಂಡು ಓದಿದರು, ಮತ್ತೊಮ್ಮೆ ಒರೆಸಿಕೊಂಡು ಓದಿದರು. ಅವರು ಹತ್ತು ವರ್ಷ ಜಿಪುಣತನದಿಂದ ಕೊಟ್ಟದ್ದಕ್ಕಿಂತ ಆ ಪರೀಕ್ಷೆ ನನಗೆ ಹೆಚ್ಚು ಕೊಟ್ಟಿತ್ತು.

"ಛೆ ಛೆ" ಎಂದರು ಮೇಡಂ. "ಈ ಜನ ಅಂಕಾನ ತುಂಬಾ ಧಾರಾಳವಾಗಿ ಹಂಚ್ತಾರಪ್ಪ." ಮೂಲೆಯ ಬೆಂಚಿನಿಂದ ಶಾಂಭವಕ್ಕ ನಕ್ಕದ್ದು ಕೇಳಿಸಿತು. ಎಷ್ಟೋ ವರ್ಷದ ಮೇಲೆ ತಾಯಿ ಮಗಳು ಆ ಮಾತಿಗೆ ಎದ್ದುಹೋಗದೆ ಕೂತಿದ್ದರು.

ಪ್ರವೇಶಪತ್ರದ ಜೊತೆ ಇನ್ನೊಂದು ಹಾಳೆ ಬಂದಿತ್ತು. ನಿಮ್ಮ ಹಿಂದಿನ ವರ್ಷದ ಸೊನ್ನೆಯನ್ನು ದಾಖಲೆಯಿಂದ ತೆಗೆದುಹಾಕಲು ಒಪ್ಪಿದ್ದೇವೆ, ಕೆಳಗೆ ಸಹಿ ಮಾಡಿ. ಅವ್ವ ಖುಷಿಯಾಗಿ, "ಹಾಕವ್ವಾ, ಒಳ್ಳೇದೇ ಆಯ್ತಲ್ಲ, ಕಳಂಕ ಕಳೀತು" ಎಂದಳು. ನಾನು ಪೆನ್ನು ತೆಗೆದುಕೊಂಡೆ. ಶಾಂಭವಕ್ಕನ ಸೊನ್ನೆ ತೆಗೆಯುತ್ತೇವೆಂದು ಅದರಲ್ಲಿ ಎಲ್ಲೂ ಇರಲಿಲ್ಲ. ಪೊಟ್ಟಣ ಕಟ್ಟಿದ ದಿನಸಿ ಅಂಗಡಿಯ ಹುಡುಗನ ಮಾತೂ ಇರಲಿಲ್ಲ. ನಮ್ಮ ಶಾಲೆಗೆ ಅಂದ ಮಾತು ತಪ್ಪಾಯಿತೆಂದೂ ಇರಲಿಲ್ಲ. ನನ್ನ ಒಬ್ಬಳದನ್ನು ಅಳಿಸಿಬಿಟ್ಟರೆ ಅವರೆಲ್ಲರದೂ ನಿಜವಾದ ಸೊನ್ನೆ ಎಂದಾಗುತ್ತಿತ್ತು.

ಸಹಿ ಹಾಕುವ ಜಾಗದಲ್ಲಿ ಬರೆದೆ: ತೆಗೆಯುವುದಾದರೆ ನಮ್ಮೂರಿನ ಎಲ್ಲರದನ್ನೂ ತೆಗೆಯಿರಿ, ಕಾರಣ ಬರೆದು ತೆಗೆಯಿರಿ. ಅಲ್ಲಿಯವರೆಗೆ ನನ್ನ ಸೊನ್ನೆಗೆ ಯಾರೂ ಕೈ ಹಚ್ಚಕೂಡದು.

ಅವರು ಇನ್ನೂ ತೆಗೆದಿಲ್ಲ. ನಾನು ಅಲ್ಲೇ ಓದಿ, ಅಲ್ಲೇ ಪಾಠ ಹೇಳುವವಳಾಗಿದ್ದೇನೆ. ನನ್ನ ದಾಖಲೆಯಲ್ಲಿ ಮೊದಲ ಸಾಲು ಇವತ್ತಿಗೂ ಸೊನ್ನೆ. ನೋಡಿದವರು ಸಂಕೋಚದಿಂದ ಕೇಳುತ್ತಾರೆ, ಇದೇನಿದು, ಅಚ್ಚಿನ ತಪ್ಪೇ ಎಂದು. ತಪ್ಪೇ, ಆದರೆ ನನ್ನದಲ್ಲ ಎನ್ನುತ್ತೇನೆ, ಕೂರಿಸಿಕೊಂಡು ಈ ಕಥೆಯನ್ನೆಲ್ಲ ಹೇಳುತ್ತೇನೆ. ಮರೆಗಾಳಿ ಯಾಕೆ ಬೀಸುತ್ತದೆಂದು ನನಗಿನ್ನೂ ತಿಳಿದಿಲ್ಲ. ಬೂರುಗ ಒಡೆಯುವ ಹೊತ್ತಿಗೆ ರಜೆ ಹಾಕಿ ಊರಿಗೆ ಹೋಗುತ್ತೇನೆ, ಕೊರಳಿಗೆ ಸೌಟು ಹಾಕಿಕೊಂಡು ಹಗ್ಗ ಹಿಡಿದು ನಡೆಯುತ್ತೇನೆ, ಬಾಗಿಲಲ್ಲಿ ಒಬ್ಬ ಮುದುಕಿ ನೀನ್ಯಾರವ್ವಾ ಎನ್ನುತ್ತಾಳೆ, ಗೊತ್ತಿಲ್ಲ ಎನ್ನುತ್ತೇನೆ, ಅವಳು ರೊಟ್ಟಿ ಹಾಕುತ್ತಾಳೆ.